ಗುಲಾಲು ತೊಳೆದ ಮೇಲೆ

2023ರ ಮೇ 13ರ ರಾತ್ರಿ ಎಲ್ಲಿದ್ದಿ ಅಂತ ನಮ್ಮ ಸರಸಂಬಾದ ಕಟ್ಟೆ ಮೇಲೆ ಕುಂತ ಯಾವ ಹುಡುಗನನ್ನಾದರೂ ಕೇಳಿ ನೋಡ್ರಿ. ಎದೆಯುಬ್ಬಿಸಿ ಹೇಳುತ್ತಾನೆ. ಹಲಗಿ ಬಡಿದದ್ದು, ಗುಲಾಲು ಎರಚಿದ್ದು, ಪಟಾಕಿ ಹೊಡೆದದ್ದು. ಮೊದಲ ಓಟು ಹಾಕಿ ಮೂರು ದಿನಕ್ಕೇ ಸರಕಾರ ಉರುಳಿಸಿದೆವು ಎಂಬ ಹಮ್ಮು. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ಆಳಂದದಲ್ಲಿ ಗೆಲುವಿನ ಅಂತರ 10,348. ನಾನೂ ಕುಣಿದವನೇ. ಸುಳ್ಳು ಯಾಕೆ ಹೇಳಲಿ?

ಆದರೆ ನಾವು ನೆನಪಿಡಬೇಕಾದ ರಾತ್ರಿ ಅದಲ್ಲ.

ಆ ರಾತ್ರಿಗಿಂತ ಮೊದಲೇ, 2022ರ ಡಿಸೆಂಬರಿನಿಂದ 2023ರ ಫೆಬ್ರವರಿಯವರೆಗೆ, ಯಾರೋ ಕಂಪ್ಯೂಟರಿನ ಮುಂದೆ ಕುಂತು ನಮ್ಮ ಆಳಂದ ಕ್ಷೇತ್ರದ ಮತದಾರರ ಹೆಸರು ಅಳಿಸಲು ಹೊರಟಿದ್ದರು. ಒಂದಲ್ಲ ಎರಡಲ್ಲ, 6,018 ಅರ್ಜಿ. ನಮೂನೆ 7. ಇವ ಊರು ಬಿಟ್ಟಾನ, ಇವನ ಹೆಸರು ತೆಗೀರಿ ಎನ್ನುವ ಅರ್ಜಿ. ಅರ್ಜಿ ಹಾಕಿದವರೆಂದು ಯಾರ ಹೆಸರಿತ್ತೋ ಅವರಿಗೇ ಅದರ ಗಂಧಗಾಳಿ ಇರಲಿಲ್ಲ. ತಮ್ಮ ಬಂಧುವಿನ ಹೆಸರೇ ಅಳಿಸುವ ಪಟ್ಟಿಯಲ್ಲಿ ಇದ್ದದ್ದು ಬೂತ್ ಮಟ್ಟದ ಅಧಿಕಾರಿಯೊಬ್ಬರ ಕಣ್ಣಿಗೆ ಬಿದ್ದದ್ದರಿಂದ ಗುಟ್ಟು ರಟ್ಟಾಯಿತು. ಮನೆ ಮನೆಗೆ ಹೋಗಿ ನೋಡಿದಾಗ 6,018ರಲ್ಲಿ ಖರೆ ಇದ್ದದ್ದು 24. ಉಳಿದ 5,994 ಜನ ಜೀವಂತ, ತಮ್ಮ ಹೊಸ್ತಿಲ ಒಳಗೇ ಇದ್ದವರು. 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ದೂರು ದಾಖಲಾಯಿತು.

"ಹೆಸರು ಹೋಗಲಿಲ್ಲಲ್ಲ, ಮತ್ಯಾಕ ಗದ್ದಲ?" ಎನ್ನುವ ಜಾಣರಿದ್ದಾರೆ. ಅವರಿಗೊಂದು ಲೆಕ್ಕ. 2018ರಲ್ಲಿ ಇದೇ ಆಳಂದದ ಗೆಲುವು ನಿರ್ಧಾರವಾದದ್ದು 697 ಮತಗಳಿಂದ. ಎಲ್ಲಿ 697, ಎಲ್ಲಿ 5,994! ಕಳ್ಳ ಗೋಡೆಗೆ ಕನ್ನ ಹಾಕುವಾಗ ಸಿಕ್ಕಿಬಿದ್ದ ಅಂದ ಮಾತ್ರಕ್ಕೆ ಅವನು ಕಳ್ಳನಲ್ಲವೇ?

2025ರ ಸೆಪ್ಟೆಂಬರ್ 18ರಂದು ದಿಲ್ಲಿಯಲ್ಲಿ ರಾಹುಲ್ ಗಾಂಧಿ ಆಳಂದದ ಹೆಸರು ಹೇಳಿದ ಮೇಲೆ ದೇಶಕ್ಕೆ ಎಚ್ಚರವಾಯಿತು. ತನಿಖೆಗೆ ಬೇಕಾದ ಮಾಹಿತಿ ಕೊಡಲಿಲ್ಲ ಎಂದು ಇವರು, ಕೊಟ್ಟಿದ್ದೇವೆ ಎಂದು ಚುನಾವಣಾ ಆಯೋಗ. ಎರಡೂವರೆ ವರ್ಷ ಕಡತ ಎಲ್ಲಿ ಮಲಗಿತ್ತೆಂದು ಕೇಳುವವರಿಲ್ಲ. ಆಮೇಲೆ ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಒಂದೊಂದು ಅರ್ಜಿಗೆ 80 ರೂಪಾಯಿ ಕೊಟ್ಟದ್ದು ತನಿಖೆಯಲ್ಲಿ ಕಂಡುಬಂದಿದೆ ಎಂದು ಅಕ್ಟೋಬರಿನಲ್ಲಿ ಪತ್ರಿಕೆಗಳು ಬರೆದವು. ತಪ್ಪಿತಸ್ಥರು ಯಾರೆಂದು ನ್ಯಾಯಾಲಯ ಹೇಳಲಿ. ನನ್ನನ್ನು ಸುಡುವುದು ಆ 80 ರೂಪಾಯಿ.

ನಮ್ಮ ಮುತ್ಯಾ ವಾಡೇದಿಂದ ಬಂದ ಮಾತಿಗೆ ಠಸ್ಸೆ ಒತ್ತುತ್ತಿದ್ದ. ಅಪ್ಪನ ಕಾಲಕ್ಕೆ ಕತ್ತಲ ರಾತ್ರಿ ಕೇರಿಗೆ ಬಾಟಲಿ ಬಂತು. ನಮ್ಮ ಕಾಲಕ್ಕೆ 500ರ ನೋಟು. ನಾಚಿಕೆಗೇಡು, ಒಪ್ಪುತ್ತೇನೆ. ಆದರೆ ಅಂದು ಅಂಜಿಸಲಿಕ್ಕೋ ಕೊಳ್ಳಲಿಕ್ಕೋ ಅವರು ನಮ್ಮ ಬಾಗಿಲ ತನಕ ಬರಬೇಕಿತ್ತು. ಈಗ ಅದೂ ಬ್ಯಾಡ. ನಮ್ಮನ್ನು ಕೇಳದೆ, ನಮ್ಮ ಮುಖ ನೋಡದೆ, ನಾವು ಇಲ್ಲವೇ ಇಲ್ಲ ಎಂದು ಬರೆದರಾಯಿತು. ಮುಟ್ಟದೆ ದೂರವಿಡುವ ವಿದ್ಯೆ ಈ ದೇಶಕ್ಕೆ ಹೊಸದೇನು?

1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಅಸ್ಪೃಶ್ಯರಿಗೆ ಮತದ ಹಕ್ಕು ಕೊಡಿ ಎಂದು ಕೇಳಿದಾಗ ಬಾಬಾಸಾಹೇಬರಿಗೆ ಇಪ್ಪತ್ತೆಂಟು ತುಂಬಿರಲಿಲ್ಲ, ನಮ್ಮದೇ ವಾರಿಗೆ. ಆಸ್ತಿ ಇದ್ದವನಿಗೆ, ಓದಿದವನಿಗೆ ಮಾತ್ರ ಓಟು ಇದ್ದ ಕಾಲ ಅದು. ಹೊಲವಿಲ್ಲದವನಿಗೂ ಅಕ್ಷರವಿಲ್ಲದವಳಿಗೂ ಒಡೆಯನಷ್ಟೇ ತೂಕದ ಒಂದು ಓಟು ಸಿಕ್ಕದ್ದು 1950ರ ಸಂವಿಧಾನದಿಂದ. ಆ ಹಕ್ಕಿಗೆ ಇವರು ಕಟ್ಟಿದ ಬೆಲೆ 80 ರೂಪಾಯಿ!

ಇನ್ನೊಂದು ಮಾತು. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈಗೆ ದುಡಿಯಲು ಹೋಗುವವರು ಯಾರು? ನಮ್ಮವರೇ. 'ಊರಾಗಿಲ್ಲ' ಎಂಬ ಷರಾ ಯಾರ ಹೆಸರಿನ ಮುಂದೆ ಸಲೀಸಾಗಿ ಕೂಡುತ್ತದೆ? 2025ರ ಆಗಸ್ಟಿನಲ್ಲಿ ಬಿಹಾರದ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಹೊರಗುಳಿದವು. ಬಿಟ್ಟವರ ಹೆಸರನ್ನು ಕಾರಣದ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಹೊಟ್ಟೆಗಾಗಿ ಊರು ಬಿಟ್ಟವನು ನಾಗರಿಕತ್ವವನ್ನೂ ಬಿಟ್ಟು ಹೋಗಿರುವುದಿಲ್ಲ.

ಇದು ಗೆದ್ದ ಪಕ್ಷದ ಪರವಾದ ಮಾತಲ್ಲ. ಗೆದ್ದವರು ಗುಲಾಲು ತೊಳೆದುಕೊಂಡು ಬೆಂಗಳೂರಿಗೆ ಹೋದರು. ಕೇರಿಯ ಗಟಾರ ಅಲ್ಲೇ ಇದೆ. ನಾಳೆ ಇವರೂ ಅಳಿಸಲು ಹೊರಟರೆ ಇದೇ ಲೇಖನಿ ಇವರ ವಿರುದ್ಧವೂ ಎದ್ದೀತು.

ಮೇಷ್ಟ್ರೇ, ಬೂತಿನ ಕೆಲಸ ನಿಮ್ಮ ತಲೆ ಮೇಲೂ ಬೀಳುತ್ತದೆ. ಗೌಡರ ಕಟ್ಟೆ ಮೇಲೆ ಕುಂತು ಚಹಾ ಕುಡಿದು ಪಟ್ಟಿ ತಿದ್ದಬೇಡಿ. ಕೇರಿಯ ಬಾಗಿಲು ಬಡಿಯಿರಿ. ವಿದ್ಯಾರ್ಥಿ ಗೆಳೆಯರೇ, ಮುಂದಿನ ಚುನಾವಣೆಗೆ ಹಲಗಿ ಫಲಿತಾಂಶದ ರಾತ್ರಿ ಬಡಿಯುವುದು ಬೇಡ. ಕರಡು ಪಟ್ಟಿ ಬಂದ ದಿನವೇ ಬಡಿಯೋಣ. ಕೇರಿಯ ನಡುವೆ ನಿಂತು ಒಂದೊಂದು ಹೆಸರನ್ನೂ ಕೂಗಿ ಓದೋಣ. ಓದಲು ಬಾರದ ನಮ್ಮವ್ವಂದಿರು ತಮ್ಮ ಹೆಸರಿಗೆ ಕಿವಿಗೊಟ್ಟು ನಿಲ್ಲಲಿ. ಕೂಗಿದ ಹೆಸರಿಗೆ "ಇದ್ದೀನೋ ಯಪ್ಪಾ" ಎಂಬ ದನಿ ಬರಬೇಕು. ದನಿ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಂದೇ ತಹಶೀಲ್ದಾರರ ಕಚೇರಿಗೆ ನಡೆಯೋಣ.

ನಾವು ಇದ್ದೇವೆ. ಮೊದಲು ಅದನ್ನು ಬರೆಸೋಣ. ಕುಣಿಯುವುದು ಆಮೇಲೆ.