ಧರ್ಮಕ್ಕೆ ಕೊಟ್ಟ ಕುರ್ಚಿಗೂ ಮೊಳ ಹಾಕಬೇಕು

 

ಈ ಸಲದ ಗೋಡೆ ಪತ್ರಿಕೆಗೆ ‘ದಾನ’ ಎಂಬ ವಿಷಯದ ಮೇಲೆ ಬರೆಯಿರಿ ಎಂದು ಕನ್ನಡ ಮೇಷ್ಟ್ರು ಹೇಳಿದ್ದಾರೆ. ಕರ್ಣನ ಬಗ್ಗೆ, ಶಿಬಿ ಚಕ್ರವರ್ತಿ ಬಗ್ಗೆ ಬೇರೆಯವರು ಬರೀತಾರೆ. ನಾನು ನಮ್ಮ ಕೊಟ್ಟಿಗೆಯಲ್ಲಿರುವ ಒಂದು ಗಾಲಿಕುರ್ಚಿಯ ಬಗ್ಗೆ ಬರೆಯುತ್ತೇನೆ. ಅದರ ಮೇಲೆ ಈಗ ಬೂಸಾ ಮೂಟೆ ಕೂತಿದೆ.

ನಮ್ಮ ಮನೆಯಲ್ಲೇ ಇರುವ ನನ್ನ ಸೋದರಮಾವ ನಿಮಗೆಲ್ಲ ಗೊತ್ತು. ನಾಲ್ಕು ವರ್ಷದ ಹಿಂದೆ ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದಾಗ ಕೊಂಬೆ ಮುರಿದು ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಚಿವುಟಿದರೂ ಗೊತ್ತಾಗಲ್ಲ.

ಮರುವರ್ಷ ತಾಲ್ಲೂಕಿನಲ್ಲಿ ಒಂದು ಸಮಾರಂಭ ಆಯಿತು. ಹೆಸರು ಕರೆದರು, ಶಾಲು ಹೊದಿಸಿದರು, ಗಾಲಿಕುರ್ಚಿ ಕೊಟ್ಟರು, ಫೋಟೋ ತೆಗೆದರು. ದಪ್ಪ ಇದ್ದವರಿಗೂ ಸಣ್ಣ ಇದ್ದವರಿಗೂ, ಹತ್ತು ವರ್ಷದ ಮಗುವಿಗೂ ಒಂದೇ ಅಳತೆಯ ಕುರ್ಚಿ. ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ. ಆ ದಿನ ನಮಗೆ ಆದ ಸಂತೋಷ ಸುಳ್ಳಲ್ಲ.

ಮನೆಗೆ ತಂದ ಮೇಲೆ ಒಂದೊಂದೇ ಗೊತ್ತಾಯಿತು. ಹೊಸ್ತಿಲು ತೆಗೆಸೋಣ ಅಂದರೂ ಬಾಗಿಲ ಚೌಕಟ್ಟು ನಾಲ್ಕು ಬೆರಳು ಸಾಲದು. ಅದು ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ ಕುರ್ಚಿ. ಮುಂದಿನ ಸಣ್ಣ ಗಾಲಿಗಳು ನಮ್ಮ ಬೀದಿಯ ಕೆಸರಿನಲ್ಲಿ ಹೂತುಹೋಗುತ್ತಿದ್ದವು. ಕೂರಲು ಬರೀ ರೆಕ್ಸಿನ್ನು, ದಿಂಬು ಇಲ್ಲ. ಆದರೂ ಮಾವ ಆಸೆಯಿಂದ ಬೆಳಗಿನಿಂದ ಸಂಜೆ ತನಕ ಅಂಗಳದಲ್ಲಿ ಅದರ ಮೇಲೇ ಕೂತಿರುತ್ತಿದ್ದರು. ಆಗಾಗ ಕೈಯೂರಿ ಮೈ ಎತ್ತಿ ಭಾರ ಇಳಿಸಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋವು ತಿಳಿಯದ ಮೈ ನೋಡಿ, ಕೂರುವ ಜಾಗದಲ್ಲಿ ಹುಣ್ಣಾಗಿದ್ದು ಗೊತ್ತೇ ಆಗಲಿಲ್ಲ. ಬಟ್ಟೆ ಬದಲಿಸುವಾಗ ಅಜ್ಜಿ ನೋಡಿ ಕಿರುಚಿಕೊಂಡರು. ಆಸ್ಪತ್ರೆ ಖರ್ಚಿಗೆ ಎರಡು ಕುರಿ ಮಾರಿದೆವು. ಮಾವ ಮೂರು ತಿಂಗಳು ಬೋರಲು ಮಲಗಿದ್ದರು. ಹುಣ್ಣು ಮಾಯಿತು. ಕುರ್ಚಿ ಕೊಟ್ಟಿಗೆ ಸೇರಿತು.

ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ. ನಾನು ಹೀಗೆ ಬರೀತೀನಿ ಅಂದಾಗ ಅಜ್ಜಿಯೇ ಬೈದರು. “ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಂಗಾಯ್ತು ನಿನ್ನ ಕಥೆ” ಅಂದರು. ಗಾದೆ ದೊಡ್ಡದು, ಒಪ್ಪುತ್ತೇನೆ. ಆದರೆ ಗಾಲಿಕುರ್ಚಿ ವಿಷಯದಲ್ಲಿ ಮೊಳ ಹಾಕಲೇಬೇಕು ಎಂಬುದು ನನ್ನ ಅನಿಸಿಕೆ. ಅದೂ ಹಿತ್ತಲಲ್ಲಿ ಅಲ್ಲ, ಕೊಡುವವರ ಎದುರಿಗೆ, ಕೊಡುವ ಮುಂಚೆ. ನಮಗೆ ಸರ್ಕಾರದ ಶೂ ಕೊಡುವ ಮುಂಚೆ ಹೆಡ್‌ಮಾಸ್ಟರು ಎಲ್ಲರ ಪಾದದ ಅಳತೆ ಬರೆದುಕೊಂಡರಲ್ಲವೇ? ಶೂ ಕಚ್ಚಿದರೆ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬಹುದು. ಮಾವ ಏನು ಮಾಡಬೇಕು?

ಇದು ನಾನೊಬ್ಬಳೇ ಹೇಳುವ ಮಾತಲ್ಲ. ಬಡ ಊರುಗಳಲ್ಲಿ ಗಾಲಿಕುರ್ಚಿ ಹೇಗೆ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಒಂದು ಮಾರ್ಗದರ್ಶಿ ಹೊರತಂದಿದೆ. ಅದರಲ್ಲಿ 8 ಹಂತಗಳಿವೆ. ಆಳನ್ನೂ ಅವರ ಮನೆ, ದಾರಿಯನ್ನೂ ತಿಳಿಯುವುದು, ತಕ್ಕ ಕುರ್ಚಿ ಆರಿಸುವುದು, ಕೂರಿಸಿ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ರಿಪೇರಿ, ಇವೆಲ್ಲ ಅದರಲ್ಲಿ ಸೇರಿವೆ. ಮಾವನಿಗೆ ಸಿಕ್ಕಿದ್ದು ಕುರ್ಚಿ ಒಂದೇ.

“ಏನೂ ಇಲ್ಲದ್ದಕ್ಕಿಂತ ಏನೋ ಒಂದು ವಾಸಿ” ಎಂದು ಕೆಲವರು ಹೇಳಬಹುದು. ವಿಜ್ಞಾನದ ಮೇಷ್ಟ್ರು ಒಂದು ಕಥೆ ಹೇಳಿದ್ದರು. ಡಾನ್ ಶೋಂಡಾರ್ಫರ್ ಎಂಬ ಅಮೆರಿಕದ ಎಂಜಿನಿಯರು ಮೊರಾಕ್ಕೊ ದೇಶಕ್ಕೆ ಹೋಗಿದ್ದಾಗ, ಒಬ್ಬ ಹೆಂಗಸು ಮಣ್ಣು ರಸ್ತೆಯಲ್ಲಿ ತೆವಳಿಕೊಂಡು ಹೋಗುವುದನ್ನು ಕಂಡರಂತೆ. ಅದನ್ನು ಮರೆಯಲಾಗದೆ ಎಷ್ಟೋ ವರ್ಷದ ಮೇಲೆ ಬಿಳಿ ಪ್ಲಾಸ್ಟಿಕ್ ಕುರ್ಚಿಗೆ ಗಾಲಿ ಜೋಡಿಸಿ, 2001ರಲ್ಲಿ ಹಂಚಲು ಶುರುಮಾಡಿದರು. ತೆವಳುತ್ತಿದ್ದ ಎಷ್ಟೋ ಜನ ಮೇಲೆದ್ದರು. ಅದು ದೊಡ್ಡ ಕೆಲಸವೇ. ಆದರೆ ಅವರ ಸಂಸ್ಥೆಯೂ ಮುಂದೆ ಅಳತೆಗೆ ಹೊಂದಿಸಬಹುದಾದ ಕುರ್ಚಿ ಮಾಡಿತು. ಅಂದಮೇಲೆ ಅಗ್ಗದ ಕುರ್ಚಿ ಕೊಡುವವರಿಗೂ ಅಳತೆ ಬೇಕು ಅಂತಾಯಿತು.

ಇನ್ನು ನಮ್ಮ ಶಾಲೆಯ ಮಾತು. ಗುರುಗಳು ಸಿಟ್ಟು ಮಾಡಿಕೊಳ್ಳಬಾರದು. 2024ರ ಲೋಕಸಭಾ ಚುನಾವಣೆಗೆ ನಮ್ಮ ಶಾಲೆಯಲ್ಲೇ ಬೂತು ಇತ್ತು. ಮನೆಯಿಂದಲೇ ವೋಟು ಹಾಕುವ ಅವಕಾಶವಿದ್ದರೂ ಮಾವ ಎಲ್ಲರ ಜೊತೆ ಬರ್ತೀನಿ ಅಂದರು. ಇಳಿಜಾರು ಹತ್ತಲು ಆಗದೆ ನಾಲ್ಕು ಜನ ಮೂಟೆ ಎತ್ತಿದ ಹಾಗೆ ಎತ್ತಿಕೊಂಡು ಹೋದರು. ಮಾವ ತಲೆ ಎತ್ತಲಿಲ್ಲ. ಹೋದ ವಾರ ನಾವು ಮೂವರು ಗೆಳತಿಯರು ಟೇಪು ಹಿಡಿದು ಅಳೆದೆವು. ಜಗಲಿಯ ಎತ್ತರ ಒಂದೂವರೆ ಅಡಿ. ಇಳಿಜಾರಿನ ಉದ್ದ ಆರೇ ಅಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ನಿಯಮ. ಅನುಪಾತದ ಲೆಕ್ಕ ನಮಗೆ ಬರುತ್ತೆ, ಹದಿನೆಂಟು ಅಡಿ ಬೇಕು. ಜಾಗ ಇದೆ. ಧ್ವಜದ ಕಟ್ಟೆಯ ಕಡೆಗೆ ತಿರುಗಿಸಿ ಕಟ್ಟಿದರೆ ಆಗುತ್ತದೆ.

ದುಡ್ಡು ಎಲ್ಲಿಂದ ಅಂತೀರಾ? ಗ್ರಾಮ ಪಂಚಾಯಿತಿ ಅನುದಾನದಲ್ಲಿ ಶೇಕಡಾ 5ರಷ್ಟು ಅಂಗವಿಕಲರಿಗಾಗಿಯೇ ಇಡಬೇಕು. ಈ ಮಾತು ಹೇಳಿದ್ದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಅಕ್ಕ. ಮಾವನಿಗೆ ಅಳತೆಯ ಕುರ್ಚಿ ಸಿಗಲೆಂದು ಅರ್ಜಿ ಬರೆದುಕೊಟ್ಟವರೂ ಅವರೇ. ಇಂಥ ಕೆಲಸಕ್ಕೆ ಆ ಹಣ ಕೇಳಬಹುದು ಅಂತಾರೆ. ಮುಂದಿನ ಗ್ರಾಮಸಭೆಯಲ್ಲಿ ಹೆಡ್‌ಮಾಸ್ಟರು ಕೇಳಬೇಕೆಂದು ನನ್ನ ವಿನಂತಿ. ಲೆಕ್ಕದ ಹಾಳೆ ನಾವು ಬರೆದುಕೊಡುತ್ತೇವೆ.

ನಮ್ಮೂರಿಗೆ ಯಾರಾದರೂ ದಾನಿಗಳು ಬಂದರೆ ನಾವೆಲ್ಲ ಒಂದೇ ಮಾತು ಹೇಳೋಣ. ಸ್ವಾಮಿ, ಮೊದಲು ಮನೆಗೆ ಬನ್ನಿ. ಬಾಗಿಲು ನೋಡಿ, ಬೀದಿ ನೋಡಿ, ಕೂರುವವರ ಸೊಂಟದ ಅಗಲ, ತೊಡೆಯ ಉದ್ದ, ಮಂಡಿಯಿಂದ ಹಿಮ್ಮಡಿ ತನಕ ಅಳೆಯಿರಿ. ನಮ್ಮ ಸೈಕಲ್ ಶಾಪಿನವರು ರಿಪೇರಿ ಮಾಡಬಹುದಾದ ಗಾಲಿ ಹಾಕಿಸಿ. ಹತ್ತು ಕೊಡುವ ಕಡೆ ಆರೇ ಕೊಟ್ಟರೂ ಸರಿ, ಆರೂ ಓಡಾಡಲಿ.

ಇದನ್ನು ಬರೆಯಲೇ ಎಂದು ಮಾವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಿ. ಶಾಲು ಬೇಡವಾಗಿತ್ತು ಕಣವ್ವ, ಒಂದು ದಿಂಬು ಕೊಟ್ಟಿದ್ದರೆ ಸಾಕಾಗಿತ್ತು” ಅಂದರು.

ತಪ್ಪಿದ್ದರೆ ಕ್ಷಮಿಸಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ ವಿದ್ಯಾರ್ಥಿನಿ