ಲಾರಿಯವರ ಮೇಲೆ ಬೆರಳು, ಮನೆಯೊಳಗೆ ಮೌನ

ಎಚ್‌ಐವಿ ಮಾತು ಬಂದರೆ ನಮ್ಮ ಜಗಲಿಗಳಲ್ಲಿ ತೀರ್ಪು ಸಿದ್ಧ: "ಅದು ಲಾರಿಯವರ ರೋಗ. ಹರಾಮ್ ಮಾಡಿದವನು ಅನುಭವಿಸಲಿ." ಹರಾಮ್ ಹರಾಮೇ, ತಕರಾರಿಲ್ಲ. ಆದರೆ ಉಪ್ಪಳದಲ್ಲೋ ಮಂಜೇಶ್ವರದಲ್ಲೋ ಮಕ್ಕಳನ್ನು ಮದ್ರಸಕ್ಕೆ ಕಳಿಸಿ ಗಂಡನ ದಾರಿ ಕಾಯುವ ಹೆಣ್ಣು ಏನು ತಪ್ಪು ಮಾಡಿದ್ದಾಳೆ? ನಿಮ್ಮ ತೀರ್ಪು ಅವಳನ್ನು ಕಾಪಾಡುತ್ತದೆಯೇ?

ಎಲ್ಲ ಡ್ರೈವರ್‌ಗಳೂ ದಾರಿ ತಪ್ಪುವುದಿಲ್ಲ. ತಪ್ಪಿದವರು ಯಾಕೆ ತಪ್ಪಿದರು ಎಂದು ತಿಳಿಯಬೇಕಾದರೆ ಕ್ಯಾಬಿನ್ ಒಳಗೆ ಕೂತು ನೋಡಿ. ವಾರಗಟ್ಟಲೆ ರಸ್ತೆ. ಲೋಡ್ ಇಳಿಸಲು ಗೋಡೌನ್ ಮುಂದೆ ದಿನಗಟ್ಟಲೆ ಕಾಯಬೇಕು. ನಿದ್ದೆಗೆಟ್ಟ ಮೈ, ಒಂಟಿತನ, ಕುಡಿಯಲು ಕರೆಯುವ ಜೊತೆಗಾರರು. ಕ್ಲೀನರ್ ಆಗಿ ಹತ್ತಿದ ಹುಡುಗನಿಗೆ "ನೀನು ಗಂಡಸಲ್ಲವಾ?" ಎಂಬ ಗೇಲಿ. ಎಂಜಿನ್ ಬಿಸಿಗೆ ಮೈಯಲ್ಲಿ ಉಷ್ಣ ಏರುತ್ತದೆ, ಹೆಣ್ಣಿನ ಸಂಗ ಮಾಡಿದರೇ ಇಳಿಯುತ್ತದೆ ಎಂಬ ಸುಳ್ಳು ಬೇರೆ. ಇವತ್ತು ರಾತ್ರಿಯೇ ಘಾಟಿಯಲ್ಲಿ ಬ್ರೇಕ್ ಕೈಕೊಡಬಹುದು ಎಂದು ಬದುಕುವವನಿಗೆ ವರ್ಷಗಳ ನಂತರ ಕಾಣಿಸಿಕೊಳ್ಳುವ ಕಾಯಿಲೆಯ ಭಯ ಎಲ್ಲಿಂದ ಬರಬೇಕು? ಕಾಂಡೋಮ್ ಕೇಳಲು ನಾಚಿಕೆ. "ನೋಡಲು ಚೆನ್ನಾಗಿದ್ದಾಳೆ, ರೋಗ ಇರಲಿಕ್ಕಿಲ್ಲ" ಎಂಬ ಭಂಡ ಧೈರ್ಯ.

ಇದು ನೆಪವಲ್ಲ, ಕಾರಣ. ಈ ಕಾರಣಗಳಲ್ಲಿ ನಮ್ಮ ಪಾಲೂ ಇದೆ. ಲಾರಿ ಮಾಲಕರಲ್ಲಿ ನಮ್ಮವರೂ ಇದ್ದಾರೆ. ಟ್ರಿಪ್ ಲೆಕ್ಕ ಕೇಳುವ ನಾವು, ಅವನು ಮನೆಗೆ ಹೋಗಿ ಎಷ್ಟು ದಿನವಾಯಿತೆಂದು ಕೇಳಿದ್ದೇವೆಯೇ?

ನಾವು ಬಾಯಿ ಮುಚ್ಚಿಸಿದಷ್ಟೂ ಅವನು ಪರೀಕ್ಷೆಯಿಂದ ದೂರ ಓಡುತ್ತಾನೆ, ರೋಗ ಮನೆಯೊಳಗೆ ಬರುತ್ತದೆ. ಕೇರಳದ ಸರ್ಕಾರಿ ಆಸ್ಪತ್ರೆಗಳ 'ಜ್ಯೋತಿಸ್' ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟು ಭದ್ರ. 1097ಕ್ಕೆ ಕರೆ ಮಾಡಿದರೂ ಸಲಹೆ ಸಿಗುತ್ತದೆ. ಎಆರ್‌ಟಿ ಮಾತ್ರೆ 2004ರಿಂದಲೇ ಉಚಿತ. ತಪ್ಪದೆ ನುಂಗಿ, ರಕ್ತ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಸಂಭೋಗದಿಂದ ಹೆಂಡತಿಗೆ ಹರಡುವುದಿಲ್ಲ. ಗರ್ಭಿಣಿಗೆ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಮಗುವನ್ನೂ ಕಾಪಾಡಬಹುದು. ಸೋಂಕಿತರನ್ನು ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಅನ್ಯಾಯವಾಗಿ ಹೊರದಬ್ಬುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಎಲ್ಲ ಕಾರ್ಯಕ್ರಮಕ್ಕೂ ಮೈಕ್ ಕಟ್ಟುವ ಜಮಾಅತ್‌ಗಳು ವರ್ಷಕ್ಕೊಮ್ಮೆ ಡಾಕ್ಟರನ್ನು ಕರೆಸಿ ಈ ಮಾತು ಆಡಿಸಲಿ. ಹೆಂಗಸರಿಗೂ ಬೇರೆ ಕೂರಿಸಿ ಹೇಳಿಸಲಿ. ಮಯ್ಯಿತ್‌ಗೆ ಹೆಗಲು ಕೊಡಲು ಓಡಿ ಬರುವ ಊರು ನಮ್ಮದು. ಜೀವ ಇರುವಾಗಲೇ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಲು ಯಾಕೆ ನಾಚಿಕೆ?