ಚಿತ್ರ ತಿದ್ದುವ ಗಣಕಯಂತ್ರವೂ ನಮ್ಮ ಹುಡುಗಿಯರೂ

ಯಾವ ಉಪಕರಣವನ್ನಾಗಲಿ ಕೊಳ್ಳುವ ಮುನ್ನ ಅದರಿಂದ ಆಗಬೇಕಾದ ಕೆಲಸವೇನೆಂಬುದನ್ನು ನಿಶ್ಚಯಿಸಿಕೊಳ್ಳುವುದು ಗೃಹಕೃತ್ಯದ ಮೊದಲನೆಯ ಪಾಠವಷ್ಟೆ. ಬೀಸುವ ಕಲ್ಲನ್ನು ಕೊಳ್ಳುವವಳು ಅದರ ಹಲ್ಲನ್ನು ನೋಡುವಳೇ ಹೊರತು ಮೇಲೆ ಬಳಿದ ಬಣ್ಣಕ್ಕೆ ಹಣ ತೆರಳು. ಆದರೆ ಗಣಕಯಂತ್ರದ ವಿಷಯ ಬಂದೊಡನೆ ಈ ವಿವೇಕವು ಅಂಗಡಿಯ ಹೊಸ್ತಿಲಿನಲ್ಲಿಯೇ ನಿಂತುಬಿಡುವುದನ್ನು ನಾವು ಕಂಡಿದ್ದೇವೆ. ಛಾಯಾಚಿತ್ರಗಳನ್ನು ತಿದ್ದುವುದೂ ಚಲಿಸುವ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದೂ ಈಗ ನಮ್ಮ ಹುಡುಗಿಯರಲ್ಲಿ ಅನೇಕರಿಗೆ ಕೇವಲ ಆಟವಾಗಿ ಉಳಿದಿಲ್ಲ. ಕೆಲವರಿಗೆ ಅದು ಜೀವನೋಪಾಯವೂ ಆಗಿರುವುದು. ಆದಕಾರಣ ಅಂಥ ಕೆಲಸಕ್ಕೆ ತಕ್ಕ ಯಂತ್ರದ ಅಂಗಗಳನ್ನು ಆರಿಸುವ ವಿಚಾರವಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ನಾವು ಕಗ್ಗದಾಸಪುರದ ನಿವಾಸಿಗಳು. ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಮಗಳಿಗೆ ಇಂಥ ಯಂತ್ರವೊಂದನ್ನು ಕೊಡಿಸಲೆಂದು ಅವಳನ್ನೂ ಅವಳ ಅಣ್ಣನನ್ನೂ ಕರೆದುಕೊಂಡು ಒಂದು ಅಂಗಡಿಗೆ ಹೋದೆವು. ಕೆಲಸ ಮಾಡುವವಳು ಅವಳು, ಆದರೆ ಅಂಗಡಿಯವನು ಅಣ್ಣನ ಮುಖವನ್ನೇ ನೋಡಿ, "ತಂಗಿಗೆ ಏನು ಬೇಕು ಸಾರ್?" ಎಂದು ಕೇಳಿದನು. ಅಣ್ಣನಿಗೆ ಆಟದ ಯಂತ್ರಗಳ ಪರಿಚಯವಿದ್ದಿತೇ ವಿನಾ ಚಿತ್ರದ ಕೆಲಸದ ಪರಿಚಯವಿರಲಿಲ್ಲ. ಪಕ್ಕದಲ್ಲಿ ಗಾಜು, ಒಳಗೆ ಏಳು ಬಣ್ಣದ ದೀಪ, ನೋಡಿದವರು ಬೆರಗಾಗುವಂಥ ಕ್ಯಾಬಿನೆಟ್ ಮನೆಗೆ ಬಂದಿತು. ರ‍್ಯಾಮ್ ಮಾತ್ರ ೮ ಜಿ.ಬಿ.; ಡಿಸ್ಕ್ ಒಂದೇ ಒಂದು; ಯು.ಪಿ.ಎಸ್. ಬೇಡವೆಂದರು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ನಮಗೆ ಆಗ ನೆನಪಾಗಲಿಲ್ಲ.

ಹುಡುಗಿಯು ತನ್ನ ಅಜ್ಜಿಯನ್ನು ಕೂರಿಸಿಕೊಂಡು, ಅವರ ಬಾಲ್ಯದ ಮಾತುಗಳನ್ನೂ ಹಾಡುಗಳನ್ನೂ ಎರಡು ಗಂಟೆಗಳಷ್ಟು ಚಿತ್ರಿಸಿಕೊಂಡಿದ್ದಳು. ಫೋನಿನಲ್ಲಿ ಜಾಗ ಸಾಲದೆ ಅದನ್ನು ಆ ಯಂತ್ರಕ್ಕೆ ಸಾಗಿಸಿ, ಫೋನಿನಿಂದ ಅಳಿಸಿದಳು. ಮುಂದೆ ಅಜ್ಜಿ ತೀರಿಕೊಂಡರು. ಆ ಮಳೆಗಾಲದ ಒಂದು ಸಂಜೆ ಕರೆಂಟು ಮೂರು ಸಲ ಹೋಗಿ ಬಂದಿತು. ಮೂರನೆಯ ಸಲ ಯಂತ್ರವು ಏಳಲಿಲ್ಲ. ಡಿಸ್ಕಿನಲ್ಲಿದ್ದುದನ್ನು ಹೊರತೆಗೆಯಲು ಯಾರಿಂದಲೂ ಆಗಲಿಲ್ಲ. ದೋಷವೆಲ್ಲ ಅಂಗಡಿಯವನದೆಂದು ನಾವು ಹೇಳಲಾರೆವು. ಬೆಲೆಕಟ್ಟಲಾಗದ ವಸ್ತುವಿನ ಒಂದೇ ಪ್ರತಿಯನ್ನು ಇಟ್ಟುಕೊಂಡವರು ನಾವೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ತಡವಾಗಿ ಬಂದ ಬುದ್ಧಿಯನ್ನೇ ಈಗ ಇತರರ ಉಪಯೋಗಕ್ಕಾಗಿ ಬರೆಯುತ್ತಿದ್ದೇವೆ.

ನಮ್ಮ ಮತವಾದರೋ ಇಷ್ಟೆ: ಹಣವನ್ನು ಕಣ್ಣಿಗೆ ಕಾಣುವ ಅಂಗಕ್ಕೆ ಕೊನೆಯಲ್ಲಿಯೂ, ಕೆಲಸವನ್ನು ಹೊರುವ ಮತ್ತು ಕಾಯುವ ಅಂಗಗಳಿಗೆ ಮೊದಲೂ ಹಂಚತಕ್ಕದ್ದು, ಮತ್ತು ಹಂಚುವ ಅಧಿಕಾರವು ಕೆಲಸ ಮಾಡುವವಳದಾಗಿರತಕ್ಕದ್ದು.

ಮೊದಲು ರ‍್ಯಾಮಿನ ವಿಷಯ. ಈಗಿನ ಸಾಧಾರಣ ಕ್ಯಾಮರಾ ತೆಗೆಯುವ ೨೪ ಮೆಗಾಪಿಕ್ಸೆಲ್ ಚಿತ್ರವೊಂದರಲ್ಲಿ ೨ ಕೋಟಿ ೪೦ ಲಕ್ಷ ಬಿಂದುಗಳುಂಟು. ಬಿಂದುವೊಂದಕ್ಕೆ ಮೂರು ಬಣ್ಣ, ಬಣ್ಣವೊಂದಕ್ಕೆ ಎರಡು ಬೈಟ್ ಎಂದು ಹಿಡಿದರೆ, ತೆರೆದಿಟ್ಟ ಒಂದೇ ಚಿತ್ರವು ಸುಮಾರು ೧೪೪ ಎಂ.ಬಿ.ಯನ್ನು ತುಂಬುವುದು. ಅದರ ಮೇಲೆ ಹತ್ತು ಪದರಗಳನ್ನು ಹಾಸಿದರೆ ಒಂದೂವರೆ ಜಿ.ಬಿ. ಆಗುವುದು. ಯಂತ್ರದ ಸ್ವಂತ ವ್ಯವಹಾರಕ್ಕೆ ಬೇಕಾದುದು ಇದಲ್ಲದೆ ಬೇರೆ. ಆದಕಾರಣ ಛಾಯಾಚಿತ್ರಗಳಿಗೆ ೧೬ ಜಿ.ಬಿ., ೪ಕೆ ಚಲನಚಿತ್ರಕ್ಕೆ ೩೨ ಜಿ.ಬಿ. ಎಂದು ಇಟ್ಟುಕೊಳ್ಳುವುದು ದುಂದಲ್ಲ. ೨೦೨೫ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಗಣಕಕೇಂದ್ರಗಳು ಮೆಮೊರಿಯನ್ನು ರಾಶಿರಾಶಿಯಾಗಿ ಕೊಂಡುದರಿಂದ, ಅದರ ಬೆಲೆ ಎಲ್ಲೆಡೆಯೂ ಏರಿತು. ಅಷ್ಟು ಹಣ ಒಮ್ಮೆಗೇ ಒದಗದವರು ನಾಲ್ಕು ಸ್ಲಾಟ್‌ಗಳುಳ್ಳ ಮದರ್‌ಬೋರ್ಡನ್ನು ಕೊಂಡು, ಎರಡನ್ನು ಈಗ ತುಂಬಿ ಎರಡನ್ನು ಮುಂದಕ್ಕೆ ಬಿಡಲಿ.

ಪ್ರೊಸೆಸರಿನ ವಿಷಯದಲ್ಲಿ ಒಂದು ಅಕ್ಷರಕ್ಕೆ ಎಚ್ಚರವಿರಬೇಕು. ಇಂಟೆಲ್ ಕಂಪನಿಯ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ 'ಎಫ್' ಎಂದಿರುವುವು ಸ್ವಲ್ಪ ಅಗ್ಗವಾದರೂ, ಅವುಗಳೊಳಗೆ ಚಿತ್ರ ತೋರಿಸುವ ಭಾಗವಿರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲಾರದವಳು ಅದನ್ನು ತಂದರೆ ಪರದೆಯ ಮೇಲೆ ಏನೂ ಕಾಣಿಸದು. ಇಷ್ಟು ಮಾತ್ರವಲ್ಲ; ಈಗಿನ ಅನೇಕ ಫೋನುಗಳು ಎಚ್.೨೬೫ ಎಂಬ ಕ್ರಮದಿಂದ ಚಲನಚಿತ್ರವನ್ನು ಅಡಕಮಾಡಿ ಇಡುವುವು. ಇದರಲ್ಲಿ ಪ್ರತಿ ಚಿತ್ರವೂ ಪೂರ್ಣವಾಗಿರದೆ, ಹೆಚ್ಚಿನವು ನೆರೆಯ ಚಿತ್ರಕ್ಕಿಂತ ಎಲ್ಲಿ ಬೇರೆಯಾಗಿವೆಯೋ ಅಷ್ಟನ್ನೇ ಬರೆದಿಟ್ಟುಕೊಂಡಿರುವುವು. ಒಂದನ್ನು ತೋರಿಸಲು ಹಲವನ್ನು ಬಿಡಿಸಬೇಕಾಗುವುದು. ಈ ಬಿಡಿಸುವ ಕೆಲಸವನ್ನು ಪ್ರೊಸೆಸರಿನೊಳಗಿನ ಆ ಭಾಗವು ಚೆನ್ನಾಗಿ ಮಾಡಬಲ್ಲುದು. ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದಲ್ಲಿ ದಿನವೆಲ್ಲ ಚಲನಚಿತ್ರದ ಬಣ್ಣ ತಿದ್ದುವವಳಿಗೆ ಗ್ರಾಫಿಕ್ಸ್ ಕಾರ್ಡ್ ಅವಶ್ಯವೇ ಸರಿ. ಛಾಯಾಚಿತ್ರಗಳನ್ನಷ್ಟೇ ತಿದ್ದುವವಳು ಆ ಹಣವನ್ನು ಮಾನಿಟರಿಗೆ ಹಾಕಲಿ.

ಮಾನಿಟರು ಚಿತ್ರಕಾರ್ತಿಯ ಕಣ್ಣು. ಅದು ಸುಳ್ಳು ಹೇಳಿದರೆ ಕೈ ಎಷ್ಟು ಪಳಗಿದ್ದರೂ ವ್ಯರ್ಥ. ಮದುಮಗಳ ಮಾವಿನ ಚಿಗುರಿನ ಬಣ್ಣದ ಸೀರೆಯು ಅಚ್ಚಾಗಿ ಬಂದಾಗ ಇಟ್ಟಿಗೆಯ ಬಣ್ಣವಾಗಿರುವುದು. ೧೯೯೬ರಲ್ಲಿ ಎಚ್.ಪಿ. ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಗೊತ್ತುಮಾಡಿದ ಎಸ್‌ಆರ್‌ಜಿಬಿ ಎಂಬ ವರ್ಣಪ್ರಮಾಣವೇ ಇಂದಿಗೂ ಸಾಮಾನ್ಯ ಅಳತೆ. ಐ.ಪಿ.ಎಸ್. ಜಾತಿಯದೂ, ಆ ಪ್ರಮಾಣವನ್ನು ನೂರಕ್ಕೆ ನೂರು ತೋರಿಸುವುದೂ ಆದ ಮಾನಿಟರನ್ನು ಕೇಳಿ ಕೊಳ್ಳಬೇಕು.

ಇನ್ನು ಕಾಯುವ ಅಂಗಗಳು. ಸೆಕೆಂಡಿಗೆ ೧೦೦ ಮೆಗಾಬಿಟ್ ಪ್ರಮಾಣದಲ್ಲಿ ತೆಗೆದ ೪ಕೆ ಚಿತ್ರವು ಗಂಟೆಗೆ ೪೫ ಜಿ.ಬಿ. ತುಂಬುವುದು. ಆದುದರಿಂದ ಅಂದಿನ ಕೆಲಸಕ್ಕೆ ವೇಗವಾದ ಎಸ್.ಎಸ್.ಡಿ.ಯೂ, ಮುಗಿದುದನ್ನು ಇಡಲು ಅಗ್ಗದ ದೊಡ್ಡ ಹಾರ್ಡ್ ಡಿಸ್ಕೂ ಬೇಕು. ಮೂರನೆಯದಾಗಿ ಬೇರೊಂದು ಮನೆಯಲ್ಲಿ ಇಡತಕ್ಕ ಒಂದು ಪ್ರತಿಯೂ ಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಹೊರಗೆ ಎಂಬ ಈ ಸೂತ್ರವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರೇ ಎಂಬುದು ಗಮನಿಸತಕ್ಕ ಸಂಗತಿ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಮೇಲಿನ '೮೦ ಪ್ಲಸ್' ಎಂಬ ಮುದ್ರೆಯು ವಿದ್ಯುತ್ತಿನ ಮಿತವ್ಯಯವನ್ನು ಹೇಳುವುದೇ ವಿನಾ ಬಾಳಿಕೆಯನ್ನಲ್ಲ. ವಾರಂಟಿಯ ವರ್ಷಗಳನ್ನು ಎಣಿಸಿ ಕೊಳ್ಳುವುದು ಮೇಲು. ಯು.ಪಿ.ಎಸ್. ಇಲ್ಲದೆ ಮಾತ್ರ ನಮ್ಮ ಕಡೆಯ ಮಳೆಗಾಲವನ್ನು ಎದುರಿಸಬಾರದು.

ಲ್ಯಾಪ್‌ಟಾಪಿದ್ದರೆ ಸಾಲದೆ, ಫೋನೇ ಸಾಲದೆ, ಇಷ್ಟೆಲ್ಲ ತೊಡಕು ಯಾತಕ್ಕೆಂದು ಕೆಲವರು ಕೇಳಬಹುದು. ಊರೂರು ತಿರುಗಿ ಕೆಲಸ ಮಾಡುವವಳಿಗೆ ಲ್ಯಾಪ್‌ಟಾಪೇ ಸರಿ; ಚಿಕ್ಕ ಕೆಲಸಕ್ಕೆ ಫೋನೂ ಸಾಕು. ಆದರೆ ಮನೆಯಲ್ಲಿ ಕುಳಿತು ಹತ್ತು ವರ್ಷ ದುಡಿಯಬೇಕೆಂಬವಳಿಗೆ, ಸವೆದ ಅಂಗವನ್ನು ತೆಗೆದು ಹೊಸತನ್ನು ಕೂರಿಸಬಹುದಾದ ಯಂತ್ರವೇ ಕಡೆಗೆ ಅಗ್ಗವಾಗುವುದು.

ಎರಡನೆಯ ಸಲ ನಮ್ಮ ಹುಡುಗಿಯು ತಾನು ಮಾಡುವ ಕೆಲಸಗಳನ್ನು ಒಂದು ಹಾಳೆಯ ಎಡಕ್ಕೂ, ಅದಕ್ಕೆ ಬೇಕಾದ ಅಂಗವನ್ನು ಬಲಕ್ಕೂ ಬರೆದುಕೊಂಡು, ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದಳು. ನಾವು ಜೊತೆಗೆ ಹೋದೆವು, ಬಾಯಿ ತೆರೆಯಲಿಲ್ಲ. ನಾಲ್ಕು ಅಂಗಡಿಗಳಲ್ಲಿ ದರ ಕೇಳಿ, ಪ್ರತಿ ಅಂಗಕ್ಕೂ ಜಿ.ಎಸ್.ಟಿ. ರಸೀತಿ ಪಡೆದು ತಂದು, ಮನೆಯಲ್ಲಿ ತಾನೇ ಸ್ಕ್ರೂಡ್ರೈವರ್ ಹಿಡಿದು ಜೋಡಿಸಿದಳು. ಕ್ಯಾಬಿನೆಟ್ ಮಾತ್ರ ಕರಿಯ ತಗಡಿನದು, ದೀಪವಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇರಬಾರದು. ೧೯೮೫ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಕಚೇರಿಯು ನಮ್ಮ ನೆರೆಯ ಸಿ.ವಿ. ರಾಮನ್ ನಗರದಲ್ಲಿಯೇ ಇರುವುದು. ಅಲ್ಲಿ ಚಿಪ್ಪುಗಳನ್ನು ರಚಿಸುವವರಲ್ಲಿ ಸ್ತ್ರೀಯರೂ ಉಂಟು. ಅದಕ್ಕೂ ಬಹಳ ಹಿಂದೆ ಈ ನಾಡಿನ ರಾಜೇಶ್ವರಿ ಚಟರ್ಜಿಯವರು (೧೯೨೨–೨೦೧೦) ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಶಾಸ್ತ್ರವನ್ನು ಬೋಧಿಸಿದರು. ಹೀಗಿರುವಲ್ಲಿ ಚಿಪ್ಪನ್ನು ರಚಿಸಬಲ್ಲ ಕೈಯು ಅದನ್ನು ಅಂಗಡಿಯಲ್ಲಿ ಆರಿಸಲಾರದೆಂದು ಎಣಿಸುವುದು ನ್ಯಾಯವೆ?

ಅಜ್ಜಿಯ ಧ್ವನಿ ನಮಗೆ ಮರಳಿ ಬರಲಿಲ್ಲ. ಪೆಟ್ಟಿಗೆಯಲ್ಲಿ ದೊರೆತ ಅವರ ಹಳೆಯ ಛಾಯಾಚಿತ್ರಗಳು ಹನ್ನೆರಡು. ಹುಳು ತಿಂದ ಅಂಚುಗಳನ್ನು ಹುಡುಗಿಯು ಈಗ ಒಂದೊಂದಾಗಿ ತುಂಬುತ್ತಿರುವಳು. ಪ್ರತಿಯೊಂದರ ಮೂರು ಪ್ರತಿಗಳು ಮೂರು ಕಡೆ ಇರುವುವು. ಹೆತ್ತವರಲ್ಲಿ ನಮ್ಮ ಅರಿಕೆ ಇಷ್ಟೆ: ನಿಮ್ಮ ಮಗಳಿಗೆ ಯಂತ್ರವನ್ನು ಕೊಡಿಸುವ ದಿನ, ಹಣದ ಜೊತೆಗೆ ಆರಿಸುವ ಹಕ್ಕನ್ನೂ ಅವಳ ಕೈಗೆ ಕೊಡಿರಿ. ವಿದ್ಯಾರ್ಥಿನಿಯರಲ್ಲಿ ಅರಿಕೆ: ಅಂಗಡಿಗೆ ಹೊರಡುವ ಮುನ್ನ ನಿಮ್ಮ ಕೆಲಸವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ.